ಮೊದಲು ನಾಲ್ಕು ಅಡಿಕೆ ಸುಲಿಯಿರಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳುತ್ತಿದೆಯಾ? ಸರಿ.

'ವಾಟ್ಸಾಪಿನಲ್ಲಿ ಮಾರೋದು ಹೇಗೆ ಅಂತ ಹೇಳಿಕೊಡಿ' ಎಂದು ಸಂಘದ ಅಕ್ಕಂದಿರು ನನ್ನನ್ನು ಸಾಗರದಿಂದ ಶಿವಮೊಗ್ಗಕ್ಕೆ ಕರೆಸಿದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಹೇಗೆ ಮಾರಬಾರದು ಅನ್ನೋದು. ಅದನ್ನು ಕಲಿಯಲಿಕ್ಕೆ ಒಂದು ಗುಂಪಿನಿಂದ ಹೊರಗೆ ಹಾಕಿಸಿಕೊಂಡಿದ್ದೇನೆ.

ಅದು ಅಡಿಕೆ ಬೆಳೆಗಾರರ ಗುಂಪು. ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ಬಗೆಯ ಅಡಿಕೆಯ ಧಾರಣೆ ನೋಡಲಿಕ್ಕೆ ನಾನೂ ಸೇರಿದ್ದೆ. ಜುಲೈ ತಿಂಗಳು. ವಾರದಿಂದ ಬಿಟ್ಟೂಬಿಡದ ಮಳೆ. ಹೊಸನಗರದ ಕಡೆಯವರೊಬ್ಬರು ಉದುರಿದ ಕಾಯಿಯ ಫೋಟೋ ಹಾಕಿ, 'ಕೊಳೆ ರೋಗ ಶುರುವಾಗಿದೆ, ಎರಡನೇ ಔಷಧಿ ಹೊಡೆಯಲಿಕ್ಕೆ ಮಳೆ ಬಿಡುತ್ತಿಲ್ಲ, ಏನು ಮಾಡೋದು?' ಎಂದು ಕೇಳಿದ್ದರು. ಅದರ ಕೆಳಗೇ ನನ್ನ ಪೋಸ್ಟರ್! 'ಮನೆಯಲ್ಲೇ ಮಾಡಿದ ಮಿಡಿ ಉಪ್ಪಿನಕಾಯಿ'. ಸುತ್ತ ಹೂವಿನ ಬಾರ್ಡರ್ ಬೇರೆ. ಸಾಲದ್ದಕ್ಕೆ ಸಂಜೆ ಇನ್ನೊಮ್ಮೆ ಹಾಕಿದೆ. ರಾತ್ರಿ ನೋಡಿದರೆ ನನ್ನನ್ನು ತೆಗೆದುಹಾಕಿದ್ದರು.

ಸಿಟ್ಟು ಬಂತು ಬಿಡಿ. ಆಮೇಲೆ ಯೋಚಿಸಿದೆ. ಅಡಿಕೆ ಸುಲಿಯುವ ಚಪ್ಪರಕ್ಕೆ ನುಗ್ಗಿ, ಯಾರ ಮುಖವನ್ನೂ ನೋಡದೆ 'ಉಪ್ಪಿನಕಾಯೀ' ಎಂದು ಕೂಗಿ ಹೋದರೆ ಹೇಗಿರುತ್ತದೆ? ಅಲ್ಲಿ ಮೊದಲು ಮೆಟ್ಟುಗತ್ತಿ ಮುಂದೆ ಕೂತು ನಾಲ್ಕು ಅಡಿಕೆ ಸುಲಿಯಬೇಕು. ಮಾತು ಆಮೇಲೆ.

ಕೇಳದವರಿಗೆಲ್ಲ ಜಾಹೀರಾತು ಕಳಿಸುವ ಈ ಕಾಯಿಲೆ ಹೊಸದೇನಲ್ಲ. 1978ರಲ್ಲೇ ಅಮೆರಿಕದ ಗ್ಯಾರಿ ಥರ್ಕ್ ಎಂಬವರು ಕಂಪ್ಯೂಟರ್ ಮಾರಲಿಕ್ಕೆ ಸುಮಾರು 400 ಜನರಿಗೆ ಒಂದೇ ಇ-ಮೇಲ್ ಕಳಿಸಿ ಬೈಸಿಕೊಂಡಿದ್ದರು. ನಾನು ಕಳಿಸಿದ್ದು ಒಂದೇ ಗುಂಪಿಗೆ, ಪಾಪ.

ಮುಂದಿನ ವರ್ಷ ಅಡ್ಮಿನ್‌ಗೆ ದಮ್ಮಯ್ಯ ಹಾಕಿ ಮತ್ತೆ ಸೇರಿದೆ. ಸುಮ್ನೆ ಧಾರಣೆ ಓದುತ್ತಿದ್ದೆ. ಮಾರ್ಚಿನಲ್ಲಿ ಯಾರೋ, 'ನಮ್ಮನೆ ಮಿಡಿ ಪ್ರತಿ ವರ್ಷ ಮೆತ್ತಗಾಗುತ್ತದೆ, ಯಾಕೆ?' ಎಂದರು. ಗೊತ್ತಿದ್ದದ್ದನ್ನು ಬರೆದೆ. ಬಡಿದು ಕೆಡವಬೇಡಿ, ಪೆಟ್ಟಾದ ಮಿಡಿ ಕೊಳೆಯುತ್ತದೆ. ಚೂರು ತೊಟ್ಟು ಉಳಿಸಿ. ನೀರಿನ ಪಸೆ ಇರಬಾರದು. ಕಲ್ಲುಪ್ಪಿನಲ್ಲಿ ಮಿಡಿ ಮುರುಟುವ ತನಕ ಕಾಯಿರಿ, ಖಾರ-ಸಾಸಿವೆಗೆ ಅವಸರ ಬೇಡ. ನನ್ನ ವ್ಯಾಪಾರದ ಸುದ್ದಿಯೇ ಎತ್ತಲಿಲ್ಲ. ಅವರೇ ಕೇಳಿದರು, 'ಅಕ್ಕಾ, ನೀವು ಮಾಡಿ ಕೊಡ್ತೀರಾ?' ಹೌದು, ಮಾರುತ್ತೇನೆ ಎಂದೆ. ಅದನ್ನು ಮುಚ್ಚಿಡಬಾರದು. 'ಆಹಾ, ಏನು ರುಚಿ' ಎಂದು ತಂಗಿಯ ಕೈಲಿ ಬರೆಸುವುದೂ ಬೇಡ. ನಮ್ಮ ಕಡೆ ಯಾರ ತಂಗಿ ಯಾರು ಅನ್ನೋದು ಎಲ್ಲರಿಗೂ ಗೊತ್ತು, ಅಲ್ವಾ?

ಚೀಟಿ ಬಂತು. ಊಟ ಆರುತ್ತಿದೆಯಂತೆ. ಬೇಗ ಹೇಳುತ್ತೇನೆ. ಅಡ್ಮಿನ್‌ರನ್ನು ಕೇಳಿಯೇ ಹಾಕಿ. ಬೆಲೆ, ತೂಕ, ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಒಂದೇ ಸಲ ಬರೆಯಿರಿ. ಗುಂಪಿನ ನಂಬರ್ ಹೆಕ್ಕಿ ಒಬ್ಬೊಬ್ಬರಿಗೆ ಮೆಸೇಜ್ ಕಳಿಸುವುದಂತೂ ಬೇಡವೇ ಬೇಡ. ಜಾಸ್ತಿ ಜನ ರಿಪೋರ್ಟ್ ಮಾಡಿದರೆ ನಿಮ್ಮ ವಾಟ್ಸಾಪೇ ಬಂದ್ ಆಗಬಹುದು. ನಾಲ್ಕು ಅಡಿಕೆ ಸುಲಿಯಿರಿ ಮಾರಾಯ್ರೇ, ಮೊದಲು! ಇನ್‌ಸ್ಟಾಗ್ರಾಂ ಬಗ್ಗೆ ಎರಡು ಹಾಳೆ ಬರೆದುಕೊಂಡು ಬಂದಿದ್ದೆ, ಅದು ಚೀಲದಲ್ಲೇ ಉಳಿಯಿತು.

ಹಾಂ, ಕೊಳೆಯ ಫೋಟೋ ಹಾಕಿದ್ದರಲ್ಲ, ಅವರು ಈಗ ನನ್ನ ಗಿರಾಕಿ. 'ಈ ಸಲ ಹೂವಿನ ಬಾರ್ಡರ್ ಇಲ್ವಾ?' ಎಂದು ಈಗಲೂ ಕಾಲೆಳೆಯುತ್ತಾರೆ. ಏಳಿ, ಊಟಕ್ಕೆ ಹೋಗೋಣ. ಎಲೆ ತುದಿಗೆ ಬಡಿಸಿರುವ ಉಪ್ಪಿನಕಾಯಿ ನನ್ನದಲ್ಲ, ವಿಚಾರಿಸಿದ್ದೇನೆ.