ಖಾತ್ರಿ ಕೊಡದ ಪರದೆ

ಕೇಳುಗರೆಲ್ಲರಿಗೂ ನಮಸ್ಕಾರ.

ರಾತ್ರಿ ಹನ್ನೊಂದು ಗಂಟೆ. ಕಣ್ಣಿನ ರೆಪ್ಪೆ ಪಟಪಟ ಅದುರುತ್ತಿದೆ. ಏನಿರಬಹುದು ಅಂತ ಮೊಬೈಲಿನಲ್ಲಿ ಹುಡುಕಿದರೆ ಮೊದಲ ಉತ್ತರವೇ ಸರಿಯಾಗಿರುತ್ತದೆ: ನಿದ್ದೆಗೆಟ್ಟಿದ್ದೀರಿ, ಕಾಫಿ ಹೆಚ್ಚಾಗಿದೆ, ದಣಿದಿದ್ದೀರಿ. ಆದರೆ ಬೆರಳು ಅಲ್ಲಿ ನಿಲ್ಲುವುದಿಲ್ಲ. ನಾಲ್ಕನೆಯದೋ ಐದನೆಯದೋ ಉತ್ತರದಲ್ಲಿ ಒಂದು ಅಪರೂಪದ ನರರೋಗದ ಹೆಸರಿರುತ್ತದೆ, ಅಲ್ಲಿಗೆ ಹೋಗಿ ಕೂರುತ್ತದೆ. ಒಂದೂವರೆ ಗಂಟೆಯಾದರೂ ಓದು ಮುಗಿದಿರುವುದಿಲ್ಲ. ರೆಪ್ಪೆ ಅದುರಲು ಕಾರಣವಾದ ನಿದ್ದೆಗೇಡು ಇನ್ನಷ್ಟು ಹೆಚ್ಚಿತು, ಅಷ್ಟೇ.

ಭಯಕ್ಕೆ ಬೇಕಾದದ್ದು ಖಾತ್ರಿ. ಹುಡುಕಿದ ಕೂಡಲೇ ಒಂದು ಕ್ಷಣ ಹಾಯೆನಿಸುತ್ತದೆ, ಆ ಹಾಯಿಗಾಗಿ ಮನಸ್ಸು ಮತ್ತೆ ಮತ್ತೆ ಹುಡುಕಿಸುತ್ತದೆ. ತುರಿಸಿದಷ್ಟೂ ತುರಿಕೆ ಹೆಚ್ಚುವ ಹಾಗೆ. ಪರದೆಯೂ ಇದಕ್ಕೆ ಒತ್ತಾಸೆಯಾಗಿ ನಿಂತಿದೆ. ಪುಟಕ್ಕೆ ಕೊನೆಯೇ ಇಲ್ಲದಂತೆ ಜಾರುತ್ತಲೇ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಅದರ ಬಗ್ಗೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ತಳವೇ ಕಾಣದಿದ್ದರೆ, ‘ಇನ್ನು ಸಾಕು’ ಎನ್ನುವ ಜಾಗ ಸಿಗುವುದಾದರೂ ಎಲ್ಲಿ? ಇನ್ನೊಂದು ಸಂಗತಿ: ಯಾವುದು ಸುಲಭವಾಗಿ ನೆನಪಿಗೆ ಬರುತ್ತದೋ ಅದೇ ಹೆಚ್ಚಾಗಿ ನಡೆಯುತ್ತದೆ ಎಂದು ಮನುಷ್ಯ ಅಂದಾಜು ಮಾಡುತ್ತಾನೆಂದು ಮನೋವಿಜ್ಞಾನಿಗಳಾದ ಟ್ವರ್ಸ್ಕಿ ಮತ್ತು ಕಾನೆಮನ್ 1973ರಲ್ಲೇ ತೋರಿಸಿದ್ದರು. ಎಲ್ಲೋ ಆದ ಒಂದೇ ಅಪಘಾತವನ್ನು ಹತ್ತು ಸಲ ನೋಡಿದರೆ ಅದು ನಮ್ಮ ಮನೆ ಬಾಗಿಲಿಗೇ ಬಂದಂತೆ ಕಾಣುವುದು ಇದರಿಂದಲೇ.

ದೇವರನ್ನು ನಂಬಿದವರೂ ಇದಕ್ಕೆ ಹೊರತಲ್ಲ. ಕಣ್ಣುಮುಚ್ಚಿ ದೇವರ ಮುಂದಿಟ್ಟ ಅರ್ಜಿಯನ್ನೇ ಐದು ನಿಮಿಷ ಬಿಟ್ಟು ಗೂಗಲ್‌ಗೂ ಹಾಕುತ್ತೇವೆ! ದೇವರೂ ನಾಳೆಯ ಬಗ್ಗೆ ಬರೆದ ಖಾತ್ರಿಪತ್ರ ಕೊಡುವುದಿಲ್ಲ, ನಿಜ. ಅದನ್ನು ಕೇಳುವುದನ್ನೇ ಬಿಟ್ಟು ಅವನ ಮೇಲೆ ಭಾರ ಹಾಕುವುದು ನಂಬಿಕೆ. ಅದಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಪರದೆಯಿಂದ ಬಿಡುವು ಬೇಕು.

ಮೊದಲಿಗೆ ವಾರಕ್ಕೆ ಒಂದು ದಿನ ಸಾಕು: ಒಂದು ಸಂಜೆಯಿಂದ ಮರುದಿನ ಸಂಜೆಯವರೆಗೆ. ‘ಇನ್ನು ಮುಟ್ಟುವುದೇ ಇಲ್ಲ’ ಎಂಬ ಶಪಥ ಬೇಡ, ಅದು ಮುರಿದ ದಿನ ಮೊದಲಿಗಿಂತ ಹೆಚ್ಚು ನೋಡುತ್ತೀರಿ. ಡೇಟಾ, ವೈಫೈ ಎರಡನ್ನೂ ಆರಿಸಿ, ಕರೆಗಳು ಬರುತ್ತಿರಲಿ. ತುರ್ತಿದ್ದರೆ ಕರೆ ಮಾಡಿ ಎಂದು ಹತ್ತಿರದವರಿಗೆ ಮೊದಲೇ ಹೇಳಿಬಿಟ್ಟರೆ ‘ಏನಾದರೂ ಆದರೆ?’ ಎಂಬ ನೆಪಕ್ಕೆ ಎಡೆಯಿರುವುದಿಲ್ಲ. ಬಿಲ್ಲು, ಟಿಕೆಟ್ಟು, ಬ್ಯಾಂಕಿನ ಕೆಲಸ ಹಿಂದಿನ ದಿನವೇ ಮುಗಿಯಲಿ. ಏಳಲು ಒಂದು ಅಲಾರಾಂ ಗಡಿಯಾರ ಇರಲಿ. ಬೆಳಗ್ಗೆ ಮೊಬೈಲು ಕೈಗೆ ಬರುವುದೇ ಅಲಾರಾಂ ನಿಲ್ಲಿಸುವ ನೆಪದಲ್ಲಿ.

ಖಾತೆಯನ್ನೇ ಅಳಿಸುತ್ತೇನೆ ಎನ್ನುವವರು ಮೊದಲು ಫೋಟೋಗಳನ್ನು ಇಳಿಸಿಕೊಳ್ಳಿ. ಬೇರೆ ಆ್ಯಪ್‌ಗಳಿಗೆ ಅದೇ ಖಾತೆಯಿಂದ ಲಾಗಿನ್ ಆಗುತ್ತಿದ್ದರೆ ಅವನ್ನೂ ಬದಲಿಸಿ, ಇಲ್ಲದಿದ್ದರೆ ಅವುಗಳ ಬಾಗಿಲೂ ಮುಚ್ಚುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡೂ 30 ದಿನ ಕಾಯುತ್ತವೆ. ಅಷ್ಟರೊಳಗೆ ಮತ್ತೆ ಲಾಗಿನ್ ಆಗಿ ಖಾತೆ ಉಳಿಸಿಕೊಂಡರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಅಳಿಸಲು ಕೋರುವ ಮೊದಲೇ ಪಾಸ್‌ವರ್ಡನ್ನು ಉದ್ದವಾದ ಹೊಸದೊಂದಕ್ಕೆ ಬದಲಿಸಿ, ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ, ಕೋರಿದ ಮೇಲೆ ಆ್ಯಪ್ ತೆಗೆಯಿರಿ.

ಆ ದಿನ ಒಂದು ಹಾಳೆ, ಒಂದು ಪೆನ್ನು ಹತ್ತಿರವಿರಲಿ. ಹುಡುಕಬೇಕು ಅನ್ನಿಸಿದಾಗಲೆಲ್ಲ ಆ ಪ್ರಶ್ನೆಯನ್ನು ಅದರಲ್ಲಿ ಬರೆಯಿರಿ. ‘ಆರೋಗ್ಯದ ಭಯ’ ಅಂತಲ್ಲ, ‘ಗುರುವಾರದ ರಕ್ತಪರೀಕ್ಷೆಯ ವರದಿ’ ಅಂತ. ಸಂಜೆ ಓದಿ ನೋಡಿ: ನಿಮ್ಮ ಕೈಯಲ್ಲಿ ಆಗುವುದರ ಮುಂದೆ ಯಾವಾಗ ಮಾಡುತ್ತೀರಿ ಎಂದು ಬರೆಯಿರಿ. ಕೈಮೀರಿದ್ದನ್ನು ಒಂದೊಂದಾಗಿ ಹೆಸರು ಹೇಳಿ ಪ್ರಾರ್ಥನೆಯಲ್ಲಿಡಿ. ಸುಮ್ಮನೆ ‘ಎಲ್ಲ ಒಳ್ಳೆಯದಾಗಲಿ’ ಎಂದರೆ ಮನಸ್ಸು ಬಿಟ್ಟುಕೊಡುವುದಿಲ್ಲ.

ಕೆಡುವುದು ಎಲ್ಲಿ ಅಂದರೆ, ಮೊದಲ ಸಂಜೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಬಾರದ ಸಂದೇಶ ಬಂದಂತೆ ತೊಡೆ ನಡುಗುತ್ತದೆ. ಈ ಚಡಪಡಿಕೆ ಏರಿ, ತಾನೇ ಇಳಿಯುತ್ತದೆ, ಹತ್ತು ನಿಮಿಷ ಕೂತು ನೋಡಿ. ಟಿವಿ ಹಾಕಿದರೆ ಅದು ಪರದೆ ಬದಲಿಸಿದ್ದಷ್ಟೇ. ಪ್ರವಚನದ ವಿಡಿಯೋ ನೋಡಬಹುದಲ್ಲ ಎಂದು ಭಕ್ತರು ಕೇಳುತ್ತಾರೆ, ಬೇಡ. ಅದು ಮುಗಿದೊಡನೆ ಮುಂದಿನದು ತಾನೇ ಶುರುವಾಗುತ್ತದೆ, ಅದು ಯಾವುದೆಂದು ನಿರ್ಧರಿಸುವವರು ನೀವಲ್ಲ. ‘ಒಂದು ದಿನ ಬಿಟ್ಟಿದ್ದೇನೆ, ವರದಿ ಚೆನ್ನಾಗಿ ಬರಲಿ’ ಎಂದು ಚೌಕಾಸಿಗೆ ಇಳಿಯುವವರೂ ಇದ್ದಾರೆ. ವರದಿ ಬೇರೆ ಬಂದ ದಿನ ಅವರ ನಂಬಿಕೆ, ಬಿಡುವು ಎರಡೂ ಒಟ್ಟಿಗೆ ಕುಸಿಯುತ್ತವೆ.

ಭಯದಿಂದ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದಾದರೆ ವೈದ್ಯರ ಬಳಿ ಹೋಗಿ. ಅದನ್ನು ಭಕ್ತಿಯ ಕೊರತೆ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಮರಳಿದ ಮೇಲೆ ಸುದ್ದಿಗೆ ದಿನಕ್ಕೊಂದು ಹೊತ್ತು, 20 ನಿಮಿಷ, ಕುರ್ಚಿಯಲ್ಲಿ ಕೂತು. ಹಾಸಿಗೆಯಲ್ಲಿ ಬೇಡ. ನೋಟಿಫಿಕೇಶನ್‌ಗಳಲ್ಲಿ ಕರೆ, ಎಸ್ಎಂಎಸ್ ಎರಡನ್ನು ಮಾತ್ರ ಉಳಿಸಿಕೊಳ್ಳಿ. ವಾರದ ಆ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಮಾಡಿ. ನಮಸ್ಕಾರ.