ಈ ಸೂಪಿನೊಳಗೆ ಏನಿದೆ?

ಕೇಳುಗರಿಗೆ ನಮಸ್ಕಾರ.

ಜೂನ್ ತಿಂಗಳ ಒಂದು ದಿನ, ರಾತ್ರಿ ಎಂಟೂಮುಕ್ಕಾಲು. ರಾತ್ರಿ ಅಂದೆ, ಆದರೆ ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಆ ಹೊತ್ತಿಗೆ ಇನ್ನೂ ಚೆನ್ನಾಗಿ ಬೆಳಕಿರುತ್ತದೆ. ಅಲ್ಲಿ ಆ ತಿಂಗಳು ಸೂರ್ಯ ಮುಳುಗುವುದೇ ಹತ್ತು ಗಂಟೆ ದಾಟಿದ ಮೇಲೆ. ನಾನು, ನನ್ನ ಯಜಮಾನರು, ಮೈಸೂರಿನಿಂದ ಬಂದಿದ್ದ ನಮ್ಮಮ್ಮ, ಮೂವರೂ ಹಗಲೆಲ್ಲ ಗುಡ್ಡ ಸುತ್ತಿ, ಮಳೆಯಲ್ಲಿ ತೊಯ್ದು, ಹಸಿದು ಒಂದು ಹೋಟೆಲಿನ ಬಾಗಿಲು ತಳ್ಳಿದೆವು. ‘ಅಡುಗೆಮನೆ ಮುಚ್ಚಿದೆ’ ಅಂದರು. ಎರಡನೆಯ ಕಡೆಯೂ ಅದೇ ಮಾತು. ಮೂರನೆಯದರಲ್ಲಿ ಜನ ಊಟ ಮಾಡುತ್ತ ಕೂತಿದ್ದರು, ಖಾಲಿ ಮೇಜುಗಳೂ ಇದ್ದವು, ಆದರೂ ಇಲ್ಲ ಅಂದರು.

ಆವತ್ತು ನನಗೆ ಬಹಳ ಸಿಟ್ಟು ಬಂದಿತ್ತು. ಆಮೇಲೆ ಸ್ಕಾಟ್ಲೆಂಡಿನಲ್ಲಿ ಏಳು ವರ್ಷ ಇದ್ದು ನೋಡಿದ ಮೇಲೆ ಕಾರಣ ತಿಳಿಯಿತು. ಹೈಲ್ಯಾಂಡ್ಸ್ ಅನ್ನುವ ಉತ್ತರದ ಗುಡ್ಡಗಾಡಿನ ಕಡೆಯ ಊರುಗಳಲ್ಲಿ, ದ್ವೀಪಗಳಲ್ಲಿ, ಹೋಟೆಲ್ ಕೆಲಸದವರಿಗೆ ಬಾಡಿಗೆಗೆ ಮನೆ ಸಿಗುವುದೇ ಕಷ್ಟ. ಇದ್ದಬದ್ದ ಮನೆಗಳು ಪ್ರವಾಸಿಗರ ತಂಗುದಾಣಗಳಾಗಿವೆ. ಜನವಿಲ್ಲದಿದ್ದರೆ ಒಲೆ ಎಷ್ಟು ಹೊತ್ತು ಉರಿದೀತು? ಹಾಗಾಗಿ ಎಂಟು, ಎಂಟೂವರೆಗೆ ಕೊನೆಯ ಆರ್ಡರ್. ಅಲ್ಲಿಗೆ ಹೋಗುವವರಿಗೆ ನಾನು ಮೊದಲು ಹೇಳುವ ಮಾತೇ ಇದು: ಬೇಸಿಗೆಯಲ್ಲಿ ಮೇಜನ್ನು ಮುಂಚೆಯೇ ಕಾದಿರಿಸಿ, ಮತ್ತೆ ಆಕಾಶ ನೋಡಿಕೊಂಡು ಊಟದ ಹೊತ್ತು ಅಂದಾಜು ಮಾಡಬೇಡಿ, ಗಡಿಯಾರ ನೋಡಿ.

ನಾಲ್ಕನೆಯ ಬಾಗಿಲಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನಿಂತಿದ್ದರು. ಅಮ್ಮನ ಒದ್ದೆ ಶಾಲನ್ನು ನೋಡಿ ಒಳಗೆ ಕರೆದರು. ‘ಒಲೆ ಆರಿಸಿಯಾಗಿದೆ, ಸೂಪಿನ ಪಾತ್ರೆ ಮಾತ್ರ ಇನ್ನೂ ಬಿಸಿಯಾಗಿದೆ’ ಅಂದರು. ಅಮ್ಮ ಮಾಂಸ ತಿನ್ನುವುದಿಲ್ಲ ಅಂದೆ. ಬೇಳೆಯ ಸೂಪಂತೆ, ನನಗೆ ಆಗಲೇ ಖುಷಿಯಾಗಿತ್ತು. ಆಕೆ ‘ತಡೆಯಿರಿ’ ಅಂತ ಒಳಗೆ ಹೋಗಿ ಅಡುಗೆಯವರನ್ನು ಕೇಳಿಕೊಂಡು ಬಂದರು. ‘ನಿಮ್ಮಮ್ಮನಿಗೆ ಇದು ಬೇಡ. ಹಂದಿಯ ಎಲುಬು ಬೇಯಿಸಿದ ನೀರಿನಲ್ಲಿ ಮಾಡಿದ್ದಾರೆ’ ಅಂದರು. ನಮ್ಮಿಬ್ಬರಿಗೆ ಸೂಪು, ಅಮ್ಮನಿಗೆ ಬ್ರೆಡ್ಡು, ಬೆಣ್ಣೆ, ಓಟ್ಸಿನ ಗರಿಗರಿ ಬಿಲ್ಲೆಗಳು, ರಾಸ್ಪ್‌ಬೆರಿ ಜಾಮ್. ಜೊತೆಗೆ ಕೆಟಲಿನಲ್ಲಿ ಬಿಸಿನೀರು. ಬಿಲ್ಲಿನಲ್ಲಿ ಎರಡು ಸೂಪಿನ ದುಡ್ಡು ಬಿಟ್ಟರೆ ಬೇರೇನೂ ಇರಲಿಲ್ಲ.

ಆ ಬೇಳೆ ಸೂಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಕಾಟ್ಲೆಂಡಿನ ಯಾವ ಸಣ್ಣ ಕೆಫೆಗೆ ಹೋದರೂ ಗೋಡೆಯ ಕರಿಹಲಗೆಯ ಮೇಲೆ ‘ಲೆಂಟಿಲ್ ಸೂಪ್’ ಅಂತ ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಕೆಂಪು ಮಸೂರ್ ಬೇಳೆ, ಕ್ಯಾರೆಟ್, ಈರುಳ್ಳಿ, ಆಲೂಗಡ್ಡೆ ಹಾಕಿ ಬೇಯಿಸಿದ್ದು. ನೋಡಿದರೆ ನಮ್ಮ ತೊವ್ವೆಯೇ. ಛಳಿಯಲ್ಲಿ ನಡೆದು ಬಂದ ಕನ್ನಡದ ನಾಲಿಗೆಗೆ ಅದನ್ನು ಕಂಡರೆ ಪ್ರಾಣ. ಆದರೆ ಅಲ್ಲಿಯ ಹಳೆಯ ಮನೆಗಳ ರೂಢಿಯಲ್ಲಿ ಆ ಬೇಳೆ ಬೇಯುವುದು ಹ್ಯಾಮಿನ, ಅಂದರೆ ಉಪ್ಪು ಹಾಕಿ ಹದಮಾಡಿದ ಹಂದಿಮಾಂಸದ, ಎಲುಬಿನ ರಸದಲ್ಲಿ. ಅವರಿಗೆ ಅದು ಎಷ್ಟು ಸಹಜ ಅಂದರೆ ಮೆನುವಿನಲ್ಲಿ ಬರೆಯಬೇಕೆಂದೇ ಅನ್ನಿಸುವುದಿಲ್ಲ. ನಾವು ಸಾರಿಗೆ ಇಂಗು ಹಾಕಿದ್ದೇವೆ ಅಂತ ಯಾರಿಗಾದರೂ ಹೇಳುತ್ತೇವೆಯೇ? ಹಾಗೆ.

ಕಾನೂನಿದೆ. 2014ರ ಡಿಸೆಂಬರಿನಿಂದ ಅಲ್ಲಿಯ ಪ್ರತಿ ಹೋಟೆಲೂ ಅಲರ್ಜಿ ತರುವ ಹದಿನಾಲ್ಕು ಪದಾರ್ಥಗಳ ಬಗ್ಗೆ ಗಿರಾಕಿಗೆ ಮಾಹಿತಿ ಕೊಡಲೇಬೇಕು. ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಎಳ್ಳು, ಸೋಯಾ ಎಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಒಗ್ಗರಣೆಯ ಸಾಸಿವೆ ಕೂಡ ಇದೆ. ಕೂತ ತಕ್ಷಣ ‘ನಿಮಗೆ ಏನಾದರೂ ಅಲರ್ಜಿ ಇದೆಯೇ’ ಅಂತ ಕೇಳುತ್ತಾರೆ, ಬಹಳ ಶ್ರದ್ಧೆಯಿಂದ ಕೇಳುತ್ತಾರೆ. ಕಡಲೆಕಾಯಿ ತಿಂದರೆ ಪ್ರಾಣಕ್ಕೇ ಕುತ್ತು ಬರುವ ಮಕ್ಕಳಿರುವ ತಾಯಿಗೆ ಆ ಪ್ರಶ್ನೆ ಎಷ್ಟು ದೊಡ್ಡದು! ನಾನು ಅದನ್ನು ಮನಸಾರೆ ಗೌರವಿಸುತ್ತೇನೆ. ಆದರೆ ಗಮನಿಸಿ, ಆ ಹದಿನಾಲ್ಕರಲ್ಲಿ ಹ್ಯಾಮ್ ಇಲ್ಲ, ದನದ ಕೊಬ್ಬು ಇಲ್ಲ. ಸಾಸಿವೆ ಇದೆಯೋ ಇಲ್ಲವೋ ಅನ್ನುವುದಕ್ಕೆ ಗೋಡೆಯ ಪಕ್ಕ ಒಂದು ಕಡತವೇ ಇರುತ್ತದೆ. ಎಲುಬಿನ ರಸ ಇದೆಯೋ ಇಲ್ಲವೋ ಅನ್ನುವುದು ಮಾತ್ರ ತಟ್ಟೆ ತಂದುಕೊಡುವ ಆ ಹುಡುಗಿ, ಆ ಹುಡುಗ ಒಳಗೆ ಹೋಗಿ ಕೇಳಿ ಬರುತ್ತಾರೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ.

ಆಲೂಗಡ್ಡೆ ಚಿಪ್ಸ್ ಕೂಡ ಹಾಗೆಯೇ. ಮೀನು ಮತ್ತು ಚಿಪ್ಸ್ ಮಾರುವ ಅಂಗಡಿಗಳಲ್ಲಿ ಕೆಲವರು ಇಂದಿಗೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ, ಕೆಲವರು ಎಣ್ಣೆಯಲ್ಲಿ. ಮೀನಿನ ಜೊತೆಗೆ ಚಿಪ್ಸ್ ಇದ್ದರೆ ಅದಕ್ಕೆ ಅಲ್ಲಿ ‘ಫಿಶ್ ಸಪ್ಪರ್’ ಅನ್ನುತ್ತಾರೆ. ಕಟ್ಟಿಕೊಡುವ ಮುಂಚೆ ಎಡಿನ್‌ಬರೋದಲ್ಲಾದರೆ ‘ಉಪ್ಪು ಮತ್ತು ಸಾಸ್?’ ಅಂತ ಕೇಳುತ್ತಾರೆ, ಗ್ಲಾಸ್ಗೋದಲ್ಲಾದರೆ ‘ಉಪ್ಪು ಮತ್ತು ವಿನೆಗರ್?’ ಅಂತ. ರೈಲಿನಲ್ಲಿ ಒಂದು ಗಂಟೆಯ ದೂರದ ಎರಡು ಊರುಗಳ ಜಗಳ ಅದರ ಮೇಲೆಯೇ ನಡೆಯುತ್ತದೆ. ಆದರೆ ಕರಿದದ್ದು ಯಾವುದರಲ್ಲಿ ಅಂತ ಅವರು ತಾವಾಗಿ ಹೇಳುವುದಿಲ್ಲ. ನಾವೇ ಕೇಳಬೇಕು. ಕೇಳಿದರೆ ಮರೆಮಾಚದೆ ಹೇಳುತ್ತಾರೆ. ‘ನಮ್ಮಲ್ಲಿ ಬೇಡ, ಆ ತಿರುವಿನಲ್ಲಿರುವ ಅಂಗಡಿಗೆ ಹೋಗಿ’ ಅಂತ ತನ್ನ ವ್ಯಾಪಾರವನ್ನೇ ಬಿಟ್ಟು ದಾರಿ ತೋರಿಸಿದ ಒಬ್ಬ ಮುದುಕ ನನ್ನ ನೆನಪಿನಲ್ಲಿದ್ದಾನೆ.

ಹಾಗಂತ ಶಾಕಾಹಾರಿಗೆ ಅಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ತಿನಿಸು ಹ್ಯಾಗಿಸ್. ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸಿನ ನುಚ್ಚು, ಈರುಳ್ಳಿ, ಕೊಬ್ಬು, ಮೆಣಸು ಬೆರೆಸಿ ಬೇಯಿಸಿದ್ದು. ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ಜನವರಿ 25ರಂದು ಅದಕ್ಕೆ ಬ್ಯಾಗ್‌ಪೈಪ್ ವಾದ್ಯದೊಡನೆ ಮೆರವಣಿಗೆಯೇ ಆಗುತ್ತದೆ. ಆ ಹ್ಯಾಗಿಸ್‌ಗೆ ಶಾಕಾಹಾರದ ರೂಪವೂ ಇದೆ. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಮನೆತನದವರು 1984ರಲ್ಲಿ ಸ್ಕಾಟಿಷ್ ಕಾವ್ಯ ಗ್ರಂಥಾಲಯದ ಆರಂಭದ ಸಮಾರಂಭಕ್ಕೆಂದು ಮಾಡಿದ್ದು ಅದು. ಕಾಳು, ತರಕಾರಿ, ಬೀಜ, ಓಟ್ಸ್ ಸೇರಿಸಿ ಅದೇ ಮಸಾಲೆ. ಒಂದು ಕಾವ್ಯದ ಮನೆ ತೆರೆಯುವ ದಿನ, ಬಂದ ಅತಿಥಿಗಳಲ್ಲಿ ಯಾರೂ ಖಾಲಿ ತಟ್ಟೆಯಲ್ಲಿ ಕೂರಬಾರದು ಅಂತ ಹುಟ್ಟಿದ ತಿನಿಸು. ಅಮ್ಮ ಅದನ್ನು ಬಾಯಿಗಿಟ್ಟುಕೊಂಡು ‘ಮೆಣಸು ಚೆನ್ನಾಗಿ ಬಿದ್ದಿದೆ’ ಅಂದರು. ಆ ದೇಶದಲ್ಲಿ ಅವರು ಹಾಗೆ ಹೇಳಿದ್ದು ಅದೊಂದಕ್ಕೇ.

ಮೀನು ತಿನ್ನುವವರಿಗಂತೂ ಆ ಕರಾವಳಿ ಕಾಮಧೇನು. ಕಲೆನ್ ಅನ್ನುವ ಮೀನುಗಾರರ ಊರಿನ ಹೆಸರು ಹೊತ್ತ ‘ಕಲೆನ್ ಸ್ಕಿಂಕ್’: ಹೊಗೆಯಾಡಿಸಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು, ಅಷ್ಟೇ. ಆರ್ಬ್ರೋತ್ ಊರಿನಲ್ಲಿ ಜೋಡಿ ಮೀನುಗಳ ಬಾಲ ಕಟ್ಟಿ ಗಟ್ಟಿಮರದ ಬೆಂಕಿಯ ಮೇಲೆ ತೂಗುಹಾಕಿ ಬೇಯಿಸುತ್ತಾರೆ. ಸ್ಟಾರ್ನೋವೇ ಊರಿನ ಕಪ್ಪು ಪುಡಿಂಗ್ ಬಹಳ ಪ್ರಸಿದ್ಧ, ರಕ್ತದಿಂದ ಮಾಡಿದ್ದು, ನಾನು ತಿಂದಿಲ್ಲ. ಆದರೆ ಆ ಊರಿನ ಹೆಸರು ಕೇಳಿದಾಗಲೆಲ್ಲ ನನಗೆ ಬೇರೆಯದೇ ನೆನಪು: 1799ರಲ್ಲಿ ಟಿಪ್ಪು ಮಡಿದ ಮೇಲೆ ನಮ್ಮ ಮೈಸೂರು ಸೀಮೆಯನ್ನೆಲ್ಲ ಅಳೆದು, ಊರೂರಿನ ಕೈಫಿಯತ್ತುಗಳನ್ನು ಕೂಡಿಹಾಕಿದ ಕರ್ನಲ್ ಕಾಲಿನ್ ಮೆಕೆಂಜಿ ಸ್ಟಾರ್ನೋವೇಯವರು.

ಇಷ್ಟು ಒಳ್ಳೆಯ ಮೀನು, ಮಾಂಸ ಇಟ್ಟುಕೊಂಡೂ ಅಲ್ಲಿಯ ಹೋಟೆಲುಗಳು ಬಹುಕಾಲ ತಮ್ಮ ನೆಲದ ಅಡುಗೆಯನ್ನು ಹಿಂದೆ ಸರಿಸಿ, ಫ್ರೆಂಚ್ ಹೆಸರಿನ ತಿನಿಸುಗಳನ್ನು ಮುಂದಿಟ್ಟವು. ಅಲ್ಲಿ ಹಿಡಿದ ದೊಡ್ಡ ಸಿಗಡಿಗಳಲ್ಲಿ ಹೆಚ್ಚಿನವು ಫ್ರಾನ್ಸಿಗೆ, ಸ್ಪೇನಿಗೆ ಹೋಗಿಬಿಡುತ್ತಿದ್ದವು. ಗ್ಲಾಸ್ಗೋದಲ್ಲಿ 1971ರಲ್ಲಿ ರಾನಿ ಕ್ಲೈಡ್ಸ್‌ಡೇಲ್ ಎಂಬವರು ‘ಯುಬಿಕ್ವಿಟಸ್ ಚಿಪ್’ ಅನ್ನುವ ಹೋಟೆಲ್ ತೆರೆದು, ಈ ಮೀನು ಈ ಊರಿನದು, ಈ ಜಿಂಕೆಮಾಂಸ ಈ ಕಾಡಿನದು ಅಂತ ಮೆನುವಿನಲ್ಲೇ ಹೆಮ್ಮೆಯಿಂದ ಬರೆದರು. ತಟ್ಟೆಯಲ್ಲಿರುವುದು ಎಲ್ಲಿಂದ ಬಂತು ಅಂತ ಉಣ್ಣುವವರಿಗೆ ಹೇಳುವ ರೂಢಿ ಅಲ್ಲಿ ಬೇರೂರಿದ್ದರಲ್ಲಿ ಅವರ ಪಾಲು ದೊಡ್ಡದು.

ಇನ್ನು ಬಡಿಸುವವರ ವಿಷಯ. ಗ್ಲಾಸ್ಗೋದಲ್ಲಿ ಮೇಜಿಗೆ ಬಂದ ಹೆಂಗಸು ನಿಮ್ಮನ್ನು ‘ಹೆನ್’ ಅಂತ ಕರೆದರೆ, ಅದು ಕೋಳಿ ಅಂತಲ್ಲ, ನಮ್ಮಲ್ಲಿ ‘ಏನಮ್ಮಾ’ ಅಂದ ಹಾಗೆ. ನೀರು ಕೇಳಿದರೆ ‘ಕೌನ್ಸಿಲ್ ಜ್ಯೂಸ್’ ಅನ್ನುವವರಿದ್ದಾರೆ, ಪುರಸಭೆಯ ಶರಬತ್ತು, ಅಂದರೆ ನಲ್ಲಿನೀರು. ಮದ್ಯದ ಪರವಾನಗಿ ಇರುವ ಜಾಗದಲ್ಲಿ ಕೇಳಿದವರಿಗೆ ಕುಡಿಯುವ ನಲ್ಲಿನೀರನ್ನು ಬಿಟ್ಟಿಯಾಗಿ ಕೊಡಲೇಬೇಕು ಅಂತ ಅಲ್ಲಿ ನಿಯಮವಿದೆ, ಸಂಕೋಚ ಬೇಡ. ಬಿಲ್ಲಿನಲ್ಲಿ ಹತ್ತೋ ಹನ್ನೆರಡೂವರೆಯೋ ಶೇಕಡಾ ಸೇವಾಶುಲ್ಕ ಸೇರಿಸಿರಬಹುದು. ‘ಐಚ್ಛಿಕ’ ಅಂತ ಬರೆದಿದ್ದರೆ ಅದನ್ನು ತೆಗೆಯಿಸುವ ಹಕ್ಕು ನಿಮಗಿದೆ. ಆ ಹಣ ಮಾಲೀಕರ ಪೆಟ್ಟಿಗೆಗೆ ಹೋಗುತ್ತದೋ ಕೆಲಸದವರ ಕೈಗೋ ಅನ್ನುವ ಅನುಮಾನ ಬಹಳ ವರ್ಷ ಇತ್ತು. 2024ರ ಅಕ್ಟೋಬರ್ 1ರಿಂದ ಟಿಪ್ಸ್, ಸೇವಾಶುಲ್ಕ ಎರಡನ್ನೂ ಮುರಿದುಕೊಳ್ಳದೆ ಕೆಲಸದವರಿಗೇ ಹಂಚಬೇಕು ಅಂತ ಕಾನೂನಾಯಿತು. ತಡವಾಯಿತು, ಆದರೂ ಒಳ್ಳೆಯದಾಯಿತು.

ಊಟ ಶುರುಮಾಡಿ ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಅವರು ಮತ್ತೆ ಬರುತ್ತಾರೆ. ‘ಎಲ್ಲ ಸರಿಯಾಗಿದೆಯೇ?’ ಇದು ಅಲ್ಲಿ ಎಲ್ಲೆಡೆ ಇರುವ ಪದ್ಧತಿ. ಉತ್ತರವೂ ಎಲ್ಲೆಡೆ ಒಂದೇ: ‘ಲವ್ಲಿ, ಥ್ಯಾಂಕ್ಸ್.’ ಮೀನು ಹಸಿಯಾಗಿದ್ದರೂ ಲವ್ಲಿ, ಸೂಪು ತಣ್ಣಗಿದ್ದರೂ ಲವ್ಲಿ. ಎದುರಿಗೆ ಹೇಳಿ ಒಬ್ಬರ ಮನಸ್ಸು ನೋಯಿಸಬಾರದು ಅನ್ನುವ ಸೌಜನ್ಯ ಅದು. ಆಮೇಲೆ ಮನೆಗೆ ಹೋಗಿ ಹತ್ತು ಜನರ ಹತ್ತಿರ ದೂರುತ್ತಾರೆ.

ಇದಕ್ಕೆ ವಿರುದ್ಧವಾದ ಒಂದು ಕಥೆಯೂ ಗ್ಲಾಸ್ಗೋದಲ್ಲೇ ಇದೆ. ಶಿಶ್ ಮಹಲ್ ಅನ್ನುವ ಹೋಟೆಲಿನ ಅಲಿ ಅಹ್ಮದ್ ಅಸ್ಲಾಂ, 2022ರ ಕೊನೆಯಲ್ಲಿ ತೀರಿಕೊಂಡರು, ಅವರು ಹೇಳುತ್ತಿದ್ದದ್ದು. ಎಪ್ಪತ್ತರ ದಶಕದಲ್ಲಿ ಒಬ್ಬ ಗಿರಾಕಿ ‘ಈ ಚಿಕನ್ ಟಿಕ್ಕಾ ಒಣಗಿದೆ, ಸ್ವಲ್ಪ ಗೊಜ್ಜು ಇದ್ದರೆ ಚೆನ್ನಾಗಿತ್ತು’ ಅಂದರಂತೆ. ಇವರು ಟೊಮೇಟೊ ಸೂಪಿನಿಂದ ಗೊಜ್ಜು ಮಾಡಿ ಬಡಿಸಿದರು, ಅದೇ ಚಿಕನ್ ಟಿಕ್ಕಾ ಮಸಾಲ ಆಯಿತು ಅಂತ. ಬೇರೆ ಊರಿನವರೂ ಅದು ನಮ್ಮದು ಅನ್ನುತ್ತಾರೆ, ಅದಿರಲಿ. ನನಗೆ ಮುಖ್ಯವಾಗಿ ಕಾಣುವುದು, ಒಬ್ಬರು ಮೇಜಿನಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಇನ್ನೊಬ್ಬರು ಮುಖ ಗಂಟಿಕ್ಕದೆ ಕೇಳಿಸಿಕೊಂಡರು ಅನ್ನುವುದು.

ನಾನು ಹಾಗೆ ಹೇಳಲಿಲ್ಲ. ಸ್ಕೈ ದ್ವೀಪದಿಂದ ಬಂದ ವಾರ, ಗ್ಲಾಸ್ಗೋದ ನಮ್ಮ ಮನೆಯ ಹತ್ತಿರದ ಒಂದು ಕೆಫೆಗೆ ಅಮ್ಮನನ್ನು ಕರೆದುಕೊಂಡು ಹೋದೆ. ಬೇಳೆ ಸೂಪು. ‘ಮಾಂಸವಿಲ್ಲ ತಾನೇ?’ ಅಂತ ಕೇಳಿದೆ. ಹುಡುಗಿ ಚಿಕ್ಕವಳು, ಹೊಸಬಳು. ‘ಇಲ್ಲ, ಬರೀ ಬೇಳೆ’ ಅಂದಳು, ಒಳಗೆ ಹೋಗಿ ಕೇಳಲಿಲ್ಲ. ಮೂರನೆಯ ಚಮಚಕ್ಕೆ ಅಮ್ಮ ಕೈ ನಿಲ್ಲಿಸಿದರು. ಚಮಚದಲ್ಲಿ ನಸುಗೆಂಪಾದ ಒಂದು ಎಳೆ. ಎಪ್ಪತ್ತು ವರ್ಷ ಪಾಲಿಸಿಕೊಂಡು ಬಂದದ್ದು. ಅವರು ಏನೂ ಅನ್ನಲಿಲ್ಲ, ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅಷ್ಟರಲ್ಲಿ ಆ ಹುಡುಗಿ ಬಂದು ‘ಎಲ್ಲ ಸರಿಯಾಗಿದೆಯೇ?’ ಅಂದಳು. ನನ್ನ ಬಾಯಿಂದ ‘ಲವ್ಲಿ, ಥ್ಯಾಂಕ್ಸ್’ ಬಂತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಒಬ್ಬಳೇ ಹೋದೆ. ಮಾಲೀಕರು ಬಂದರು. ನಡೆದದ್ದನ್ನು ಹೇಳಿದೆ. ದುಡ್ಡು ವಾಪಸ್ ಕೊಡಲು ಬಂದರು, ಬೇಡ ಅಂದೆ. ‘ನಮ್ಮ ತಾಯಿ ಅದನ್ನು ಯಾಕೆ ತಿನ್ನುವುದಿಲ್ಲ ಅಂತ ಆ ಹುಡುಗಿಗೆ ಒಂದು ಮಾತು ಹೇಳಿ, ಬೈಯಬೇಡಿ’ ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ನಿನ್ನೆಯೇ ಹೇಳಬಾರದಿತ್ತೇ?’ ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಅಮ್ಮ ಊರಿಗೆ ಹೊರಡುವ ಮುಂಚಿನ ದಿನ, ಅವರೇ ಅಲ್ಲಿಗೆ ಹೋಗೋಣ ಅಂದರು. ಕರಿಹಲಗೆಯ ಮೇಲೆ ‘ಲೆಂಟಿಲ್ ಸೂಪ್’ ಅಂತ ಎರಡು ಸಾಲಿತ್ತು, ಒಂದರ ಮುಂದೆ ‘ಹ್ಯಾಮ್’ ಅಂತ, ಇನ್ನೊಂದರ ಮುಂದೆ ‘ಹ್ಯಾಮ್ ಇಲ್ಲ’ ಅಂತ. ಅದೇ ಹುಡುಗಿ ಬಂದಳು. ನಾವು ಏನೂ ಕೇಳುವ ಮೊದಲೇ ಅಮ್ಮನ ಕಡೆ ಬಾಗಿ, ಒಂದೊಂದೇ ಮಾತು ಬಿಡಿಸಿ, ‘ಎರಡು ಪಾತ್ರೆ ಬೇರೆ ಬೇರೆ, ಸೌಟೂ ಬೇರೆ. ನಾನೇ ನಿಂತು ನೋಡಿದ್ದೇನೆ’ ಅಂದಳು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಅವಳ ಕೈ ಮುಟ್ಟಿ, ಒಂದು ಬಟ್ಟಲು ತಾ ಅಂದರು.

ನಮಸ್ಕಾರ.