ಮುಚ್ಚಳ ತೆಗೆದು ನೋಡೋಣ

ನಮಸ್ಕಾರ. ಶೌಚಾಲಯದ ರಿಪೇರಿಯ ಬಗ್ಗೆ ಮಾತನಾಡುತ್ತೇನೆ ಎಂದಾಗ ಈ ಕಾರ್ಯಕ್ರಮದ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಮನೆಯ ಫ್ಲಶ್ ಟ್ಯಾಂಕ್ ಮೂರು ವಾರದಿಂದ ಸೋರುತ್ತಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಮೊದಲು ಅಸಹ್ಯದ ಮಾತು ಮುಗಿಸಿಬಿಡೋಣ. ಟ್ಯಾಂಕಿನಲ್ಲಿ ಇರುವುದು ಕೊಳವೆಯಿಂದ ನೇರವಾಗಿ ಬಂದು ನಿಂತ ನೀರು. ಹೊಲಸೆಲ್ಲ ಕೆಳಗಿನ ಕಮೋಡಿನದು. ಅರ್ಧಕ್ಕರ್ಧ ತೊಂದರೆಗಳು ಮೇಲಿನ ಟ್ಯಾಂಕಿನಲ್ಲೇ ಇರುತ್ತವೆ, ಆದರೂ ನಾವು ಅದನ್ನು ಮುಟ್ಟುವುದಿಲ್ಲ. ಮುಚ್ಚಳ ಪಿಂಗಾಣಿಯದಾಗಿದ್ದರೆ ಎರಡೂ ಕೈಯಿಂದ ಎತ್ತಿ, ಮಡಿಸಿದ ಬಟ್ಟೆಯ ಮೇಲೆ ಮಲಗಿಸಿ. ನಾನು ಮೊದಲ ಸಲ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದೆ. ಜಾರಿ ಎರಡು ಹೋಳಾಯಿತು. ಅದೇ ಅಳತೆಯ ಮುಚ್ಚಳ ಸಿಗದೆ ಒಂದು ವರ್ಷ ಪ್ಲೈವುಡ್ ಹಲಗೆ ಮುಚ್ಚಿಕೊಂಡು ಕಳೆದೆವು.

ಈಗ ಒಮ್ಮೆ ಫ್ಲಶ್ ಮಾಡಿ, ಸುಮ್ಮನೆ ನೋಡುತ್ತಾ ನಿಲ್ಲಿ. ಹಿಡಿ ಒತ್ತಿದಾಗ ತಳದ ರಬ್ಬರ್ ಮುಚ್ಚಳ ಏಳುತ್ತದೆ, ನೀರು ಧುಮುಕುತ್ತದೆ. ನೀರಿನ ಮೇಲೆ ತೇಲುವ ಫ್ಲೋಟ್ ಅದರ ಜೊತೆಗೆ ಕೆಳಗಿಳಿದು, ನೀರು ಒಳಬಿಡುವ ವಾಲ್ವ್ ತೆರೆಯುತ್ತದೆ. ರಬ್ಬರ್ ಮತ್ತೆ ಕೂತ ಮೇಲೆ ನೀರು ಏರುತ್ತದೆ, ಫ್ಲೋಟ್ ಏರಿ ವಾಲ್ವನ್ನು ಮುಚ್ಚುತ್ತದೆ. ನಿಮ್ಮ ಟ್ಯಾಂಕಿನಲ್ಲಿ ರಬ್ಬರಿನ ಬದಲು ಬೇರೆ ಬಗೆಯ ವಾಲ್ವ್ ಇರಬಹುದು, ಆದರೆ ಕಥೆ ಇದೇ. ಎರಡು ಮೂರು ಸಲ ನೋಡಿದರೆ ಎಲ್ಲಿ ತಪ್ಪುತ್ತಿದೆ ಎಂಬುದು ಕಣ್ಣಿಗೇ ಬೀಳುತ್ತದೆ.

ಸದಾ ಸುಯ್ಯೆನ್ನುವ ಟ್ಯಾಂಕಿನ ನೀರು ಹೋಗುವುದಕ್ಕೆ ಇರುವುದು ಎರಡೇ ದಾರಿ. ಒಂದು, ನಡುವೆ ನೆಟ್ಟಗೆ ನಿಂತ ಕೊಳವೆಯ ಬಾಯಿಯೊಳಗೆ ಸುರಿಯುವುದು. ಹಾಗಿದ್ದರೆ ಫ್ಲೋಟ್ ಎತ್ತರವಾಗಿದೆ. ಅದರ ಸ್ಕ್ರೂ ತಿರುಗಿಸಿ ತಗ್ಗಿಸಿ. ನೀರು ಆ ಬಾಯಿಗಿಂತ ಸುಮಾರು ಎರಡೂವರೆ ಸೆಂಟಿಮೀಟರ್ ಕೆಳಗೆ ನಿಲ್ಲಬೇಕು. ಹಳೆಯ ಚೆಂಡಿನ ಬಗೆಯದಾದರೆ ಚೆಂಡನ್ನು ಅಲುಗಾಡಿಸಿ. ಒಳಗೆ ನೀರಿನ ಸದ್ದು ಬಂದರೆ ಅದು ಇನ್ನು ತೇಲುವುದಿಲ್ಲ, ಬದಲಿಸಿ.

ಎರಡನೆಯದು ತಳದಿಂದ ಕದ್ದು ಹರಿಯುವುದು. ಯಾರೂ ಮುಟ್ಟದಿದ್ದರೂ ನಡುರಾತ್ರಿ ಟ್ಯಾಂಕ್ ತನ್ನಷ್ಟಕ್ಕೆ ತುಂಬಿಕೊಳ್ಳುತ್ತದಲ್ಲ, ಅದು ಇದೇ. ಟ್ಯಾಂಕಿಗೆ ಅಡುಗೆ ಬಣ್ಣದ ಕೆಲವು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ರಬ್ಬರ್ ಸರಿಯಾಗಿ ಕೂರುತ್ತಿಲ್ಲ. ಹೊಸದನ್ನು ತರುವ ಮೊದಲು ಅದರ ಅಂಚನ್ನೂ ಅದು ಕೂರುವ ಜಾಗವನ್ನೂ ಒರೆಸಿ ನೋಡಿ. ಹಲವು ಸಲ ಸುಣ್ಣದ ಪುಡಿ ಅಷ್ಟೇ ಅಡ್ಡಿಯಾಗಿರುತ್ತದೆ. ಹಿಡಿಯಿಂದ ರಬ್ಬರಿಗೆ ಕಟ್ಟಿದ ಸರಪಳಿ ಬಿಗಿಯಾಗಿದ್ದರೂ ಸೋರುತ್ತದೆ, ತುಸು ಸಡಿಲವಿರಲಿ. ಟ್ಯಾಂಕಿನೊಳಗೆ ಬ್ಲೀಚ್ ಗುಳಿಗೆ ಹಾಕುವ ಅಭ್ಯಾಸ ನನಗಂತೂ ಒಪ್ಪಿಗೆಯಿಲ್ಲ: ಅದು ರಬ್ಬರನ್ನು ತಿನ್ನುತ್ತದೆ.

ಇಷ್ಟು ಸಣ್ಣ ಸೋರಿಕೆಗೆ ಇಷ್ಟು ಮಾತೇಕೆ ಎನ್ನುತ್ತೀರಾ? ನಿಮಿಷಕ್ಕೆ 100 ಮಿಲಿಲೀಟರ್ ಹೋದರೂ ದಿನಕ್ಕೆ 144 ಲೀಟರ್. ಒಂದು ಫ್ಲಶ್‌ಗೆ 6 ಲೀಟರ್ ಎಂದುಕೊಂಡರೆ 24 ಸಲ. ಕಾಣದ ನೆಂಟರೊಬ್ಬರು ಮನೆಯಲ್ಲೇ ಇದ್ದುಕೊಂಡು, ಹಗಲೂ ರಾತ್ರಿ ಗಂಟೆಗೊಮ್ಮೆ ಫ್ಲಶ್ ಮಾಡಿದ ಹಾಗೆ.

ಇನ್ನು ಕಟ್ಟಿಕೊಳ್ಳುವ ಕಾಟ. ಕಮೋಡಿನ ಹಿಂದೆ ಕೊಳವೆ ಹಾವಿನಂತೆ ಬಳುಕಿದೆ. 1775ರಲ್ಲಿ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದದ್ದು ಇಂಥ ಬಾಗಿನ ಕೊಳವೆಗೇ. ಬಾಗಿನಲ್ಲಿ ನಿಂತ ನೀರು ಚರಂಡಿಯ ಗಾಳಿ ಮನೆಗೆ ಬರದಂತೆ ತಡೆಯುತ್ತದೆ. ತಡೆಯುವ ಆ ಬಾಗಿನಲ್ಲೇ ಕಸವೂ ಸಿಕ್ಕಿಕೊಳ್ಳುತ್ತದೆ.

ನೀರು ಮೇಲೇರುತ್ತಿದ್ದರೆ ಇನ್ನೊಮ್ಮೆ ಫ್ಲಶ್ ಒತ್ತಬೇಡಿ. ದಯವಿಟ್ಟು. ಪ್ಲಂಜರ್ ತನ್ನಿ, ಅದರ ರಬ್ಬರ್ ಬಟ್ಟಲು ನೀರಿನಲ್ಲಿ ಮುಳುಗಿರಲಿ. ಮೊದಲು ಮೆಲ್ಲಗೆ ಒತ್ತಿ ಗಾಳಿ ಹೊರಡಿಸಿ, ಆಮೇಲೆ ಒತ್ತಿ ಎಳೆಯಿರಿ. ಎಲ್ಲರೂ ಒತ್ತುವುದರಲ್ಲೇ ಬಲ ಹಾಕುತ್ತಾರೆ. ಸಿಕ್ಕಿದ್ದನ್ನು ಸಡಿಲಿಸುವುದು ಬಹುಪಾಲು ಎಳೆತ. ಹದಿನೈದು ಇಪ್ಪತ್ತು ಸಲವಾದರೂ ಮಾಡಿ. ಪಾತ್ರೆ ತೊಳೆಯುವ ದ್ರವ ಸುರಿದು ಬಿಸಿನೀರು ಹಾಕಿದರೂ ಕೆಲವೊಮ್ಮೆ ಸಡಿಲವಾಗುತ್ತದೆ. ಕುದಿಯುವ ನೀರು ಮಾತ್ರ ಬೇಡ, ಪಿಂಗಾಣಿ ಬಿರುಕು ಬಿಟ್ಟೀತು.

ಕಟ್ಟು ಬಿಡಿಸುವ ರಾಸಾಯನಿಕ ಸುರಿದ ಮೇಲೆ ಪ್ಲಂಜರ್ ಹಿಡಿಯಬೇಡಿ, ಅದು ಕಣ್ಣಿಗೇ ಸಿಡಿಯಬಹುದು. ಬ್ಲೀಚನ್ನೂ ಆಮ್ಲದ ಕ್ಲೀನರನ್ನೂ ಎಂದಿಗೂ ಬೆರೆಸಬೇಡಿ. ಹುಟ್ಟುವುದು ಕ್ಲೋರಿನ್ ಅನಿಲ.

ಫ್ಲಶ್ ದುರ್ಬಲವಾಗಿದ್ದರೆ ಕಮೋಡಿನ ಅಂಚಿನಡಿಯ ಸಣ್ಣ ತೂತುಗಳನ್ನು ಕನ್ನಡಿ ಹಿಡಿದು ನೋಡಿ. ಸುಣ್ಣ ಕಟ್ಟಿದ್ದರೆ ವಿನೆಗರ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಕಮೋಡ್ ಅಲುಗಾಡಿದರೆ ಬುಡದ ನಟ್‌ಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪಿಂಗಾಣಿ ಬಲವಂತ ಸಹಿಸುವುದಿಲ್ಲ. ಫ್ಲಶ್ ಮಾಡಿದಾಗ ಬಚ್ಚಲಿನ ತೂಬಿನಲ್ಲಿ ಗುಳುಗುಳು ಎಂದು ನೀರು ಉಕ್ಕಿದರೆ ಕಟ್ಟಿರುವುದು ಮುಂದಿನ ದೊಡ್ಡ ಕೊಳವೆ. ಅಲ್ಲಿಗೆ ಪ್ಲಂಬರ್ ಬೇಕು.

ಕೊನೆಗೊಂದು ಮನೆಕೆಲಸ. ಟ್ಯಾಂಕಿಗೆ ನೀರು ಬರುವ ಕಡೆ ಗೋಡೆಯಲ್ಲಿ ಆಂಗಲ್ ಕಾಕ್ ಎಂಬ, ನೀರು ನಿಲ್ಲಿಸುವ ಸಣ್ಣ ನಲ್ಲಿ ಇರುತ್ತದೆ. ಇವತ್ತೇ, ಯಾವ ತೊಂದರೆಯೂ ಇಲ್ಲದಿರುವಾಗ, ಅದನ್ನು ಒಮ್ಮೆ ಮುಚ್ಚಿ ತೆರೆಯಿರಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಅದು ಕಚ್ಚಿಕೊಂಡುಬಿಡುತ್ತದೆ. ನೀರು ನೆಲಕ್ಕೆ ಹರಿಯತೊಡಗಿದ ಮೇಲೆ ಅದನ್ನು ಕಂಡುಕೊಳ್ಳುವ ಹಾಗಾಗಬಾರದು.